ಒಂದು ಹಾಸಿಗೆ, ಎರಡು ರಿಪೋರ್ಟು

2021ರ ಬೇಸಿಗೆಯಲ್ಲಿ ನಾನು ಪುಣೆಯ ಕೋಥರೂಡದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ಕೋವಿಡ್‌ನ ಎರಡನೇ ಅಲೆ ಊರನ್ನು ಅಲ್ಲಾಡಿಸುತ್ತಿದ್ದ ಕಾಲ. ಲ್ಯಾಬಿನ ಯಂತ್ರಕ್ಕೆ ಬಿಡುವಿರಲಿಲ್ಲ, ನನಗೂ ಇರಲಿಲ್ಲ. ಹೊರಗೆ ಆಂಬುಲೆನ್ಸ್ ಕೂಗಿದಾಗಲೆಲ್ಲ, ಇನ್ನೊಂದು ಬಂತು, ಇವರನ್ನು ಎಲ್ಲಿ ಮಲಗಿಸುತ್ತಾರೆ ಎಂಬ ಯೋಚನೆಯಲ್ಲೇ ಮುಂದಿನ ಸ್ಲೈಡು ಎತ್ತಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಗಂಡ ಹೆಂಡತಿಯ ರಕ್ತ ಒಟ್ಟಿಗೆ ಬಂತು. ಪುಣೆ ಕ್ಯಾಂಪಿನಲ್ಲಿ ಹೋಟೆಲು ನಡೆಸುವ, ಕುಂದಾಪುರದ ಕಡೆಯ ಸದಾನಂದ ಶೆಟ್ಟರು ಮತ್ತು ಅವರ ಹೆಂಡತಿ ಜಲಜಕ್ಕ. ಇಬ್ಬರಿಗೂ ಕೋವಿಡ್. ಜಲಜಕ್ಕನಿಗೆ ಸುಡುವ ಜ್ವರ, ವಾಂತಿ. ಶೆಟ್ಟರು ಹೆಂಡತಿಯನ್ನು ಕರೆತಂದವರು; ತಮಗೆ ಸ್ವಲ್ಪ ಮೈಕೈ ನೋವು ಮಾತ್ರ ಎನ್ನುತ್ತಿದ್ದರು.

ರಕ್ತದ ಬಿಳಿ ಕಣಗಳಲ್ಲಿ ಹಲವು ಬಗೆ. ಲಿಂಫೋಸೈಟ್‌ಗಳು ಮುಖ್ಯವಾಗಿ ವೈರಸ್ಸಿನ ವಿರುದ್ಧ ನಿಲ್ಲುವವು. ನ್ಯೂಟ್ರೋಫಿಲ್‌ಗಳು ಉರಿಯೂತ ಹೆಚ್ಚಾದಾಗ ನುಗ್ಗಿ ಬರುವವು. ಕೋವಿಡ್ ಬಿಗಡಾಯಿಸುವ ರೋಗಿಗಳಲ್ಲಿ ಮೊದಲನೆಯವು ಕುಸಿದು ಎರಡನೆಯವು ಏರುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೆವು. ಜಲಜಕ್ಕನ ಲಿಂಫೋಸೈಟ್ ಶೇಕಡಾ ಇಪ್ಪತ್ತೆಂಟು, ಚಿಂತೆಯಿಲ್ಲ. ಶೆಟ್ಟರದು ಎಂಟು! ಎರಡು ದಿನ ಹಿಂದೆ ಕೋವಿಡ್ ಪರೀಕ್ಷೆಗೆ ಬಂದಾಗ ಕೊಟ್ಟ ರಕ್ತದಲ್ಲಿ ಇದೇ ಅಂಕಿ ಇಪ್ಪತ್ತೆರಡಿತ್ತು. ಟ್ಯೂಬು ಅದಲುಬದಲಾಗಿದೆಯೇ ಎಂದು ಹೆಸರು ನೋಡಿದೆ. ಯಂತ್ರಕ್ಕೆ ಇನ್ನೊಮ್ಮೆ ಕೊಟ್ಟೆ. ಸ್ಲೈಡು ಮಾಡಿ ಸೂಕ್ಷ್ಮದರ್ಶಕದಲ್ಲಿ ನಾನೇ ಎಣಿಸಿದೆ. ಎಲ್ಲಿ ನೋಡಿದರೂ ನ್ಯೂಟ್ರೋಫಿಲ್‌ಗಳೇ, ಲಿಂಫೋಸೈಟನ್ನು ಹುಡುಕಬೇಕಿತ್ತು.

ವಾರ್ಡಿಗೆ ಫೋನು ಮಾಡಿದೆ. ಅಲ್ಲಿದ್ದವರು ಬೆಳಗಾವಿಯ ಡಾಕ್ಟರ್ ಜೋಶಿ.

"ಬೆಡ್ ಒಂದೇ ಖಾಲಿ ಅದರೀ ಮೇಡಂ. ಆಕಿ ನೀರು ಕುಡದ್ರೂ ನಿಲ್ಲವಲ್ದು. ಶೆಟ್ಟರು ನಗ್ಕೋತ ನಿಂತಾರ, ಆಕ್ಸಿಜನ್ ತೊಂಬತ್ತಾರು ಅದ. ಅವರನ್ನ ಮನಿಗೆ ಕಳಸ್ತೀನ್ರಿ."

ನಾನು ಅಂಕಿ ಹೇಳಿದೆ. ಅವರು ಕೇಳಿದರು: "ಸ್ಟೆರಾಯ್ಡ್ ತಗೊಂಡಿದ್ರ? ಅದರಿಂದನೂ ಹಿಂಗ ಆಗ್ತದಲ್ರಿ?"

ಮಾತು ನಿಜವಾಗಿತ್ತು. ಸ್ಟೆರಾಯ್ಡ್ ಮಾತ್ರೆ ನುಂಗಿದವರ ರಕ್ತವೂ ಹೀಗೇ ಕಾಣುತ್ತದೆ, ಆ ದಿನಗಳಲ್ಲಿ ಜನ ಪರಿಚಯದವರ ಚೀಟಿ ನೋಡಿ ಅದನ್ನು ನುಂಗುತ್ತಲೂ ಇದ್ದರು. ಹಾಗಿದ್ದರೆ ನನ್ನ ಎಂಟಕ್ಕೆ ಅರ್ಥವೇ ಇಲ್ಲ. ಫೋನು ಇಟ್ಟ ಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ. ಪಿಪಿಇ ಕಿಟ್ ಏರಿಸಿಕೊಂಡು ವಾರ್ಡಿಗೆ ನಡೆದೆ.

ಶೆಟ್ಟರು ಗೋಡೆಗೊರಗಿ ಹೋಟೆಲಿನವರ ಜೊತೆ ಫೋನಿನಲ್ಲಿ ಮರಾಠಿಯಲ್ಲಿ ಮಾತಾಡುತ್ತಿದ್ದರು. ಯಾವ ಮಾತ್ರೆ ತೆಗೆದುಕೊಂಡಿರಿ ಎಂದು ಕೇಳಿದೆ.

"ಜ್ವರದ್ದು ಬಿಟ್ರೆ ಬೇರೆ ಎಂತದೂ ಇಲ್ಲ ಡಾಕ್ಟ್ರೇ. ನಂಗೆ ಎಂತ ಆಗಿದೆ? ಅವಳಿಗೆ ಬೆಡ್ ಕೊಡಿ, ನಾನು ಹೋಟ್ಲಿಗೆ ಹೋಗ್ಬೇಕು."

ಬೆಂಚಿನ ಮೇಲೆ ಮಲಗಿದ್ದ ಜಲಜಕ್ಕ ತಲೆಯೆತ್ತಿ, "ಹೌದು, ಬೇರೆ ತಗೊಳ್ಲಿಲ್ಲ. ಮಾತ್ರೆ ಕೊಡುದು ನಾನೇ," ಎಂದರು.

ಸಿ.ಟಿ. ಸ್ಕ್ಯಾನಿಗೆ ಸರದಿ ಮರುದಿನವಿತ್ತು. "ಒಂದ್ಸಲ ನಡಿಸಿ ನೋಡೋಣ್ರಿ," ಎಂದೆ ಜೋಶಿಯವರಿಗೆ. ಶ್ವಾಸಕೋಶ ಸೋಲತೊಡಗಿದ್ದರೆ ಕುಳಿತಾಗ ಕಾಣದಿದ್ದದ್ದು ನಡೆದಾಗ ಕಾಣಿಸುತ್ತದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಶೆಟ್ಟರನ್ನು ವರಾಂಡದಲ್ಲಿ ನಡೆಸಿದರು. ಹೋಗುವಾಗ ಅವರು ನಮ್ಮನ್ನು ಗೇಲಿ ಮಾಡುತ್ತಿದ್ದರು. ತಿರುಗಿ ಬರುವಾಗ ಮಾತು ನಿಂತಿತ್ತು. ತೊಂಬತ್ತಾರು ತೊಂಬತ್ತೆರಡಾಯಿತು, ಬಾಗಿಲಿಗೆ ಬರುವಷ್ಟರಲ್ಲಿ ಎಂಬತ್ತೆಂಟು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಜಲಜಕ್ಕನನ್ನು ಎಬ್ಬಿಸಿ ನಡೆಸಿದಾಗ ಅಂಕಿ ಕದಲಲಿಲ್ಲ.

ಜೋಶಿಯವರು ನನ್ನ ಮುಖ ನೋಡಿದರು. ಏನು ಮಾಡಬೇಕೆಂದು ನಮಗಿಬ್ಬರಿಗೂ ಗೊತ್ತಾಗಿತ್ತು. ಆದರೆ ಜ್ವರದಲ್ಲಿ ನಡುಗುತ್ತಿರುವ ಹೆಂಗಸಿಗೆ ಮನೆಗೆ ಹೋಗು ಎಂದು ಹೇಗೆ ಹೇಳುವುದು? ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಜಲಜಕ್ಕ ಪೂರ್ತಿ ಕೇಳಿಸಿಕೊಂಡರು.

"ಮೇಡಂ, ಇವರು ಒಪ್ಪುದಿಲ್ಲ. ನೀವು ಕೇಳ್ಬೇಡಿ. ಒಳಗೆ ಮಲಗ್ಸಿ. ನಾನು ಹೋಗ್ತೇನೆ."

ಅವರಿಗೆ ಅಲ್ಲೇ ಬೆಂಚಿನ ಮೇಲೆ ಸಲೈನ್ ಕೊಟ್ಟು, ವಾಂತಿ ನಿಂತ ಮೇಲೆ ರಿಕ್ಷಾ ಹತ್ತಿಸಿದೆವು. ದಿನಾ ನಾನೇ ಫೋನು ಮಾಡುತ್ತೇನೆಂದು ಮಾತು ಕೊಟ್ಟೆ.

ಸಂಜೆಗೆ ಶೆಟ್ಟರಿಗೆ ಆಕ್ಸಿಜನ್ ಬೇಕಾಯಿತು. ಮರುದಿನ ಇನ್ನೂ ಹೆಚ್ಚು. ನನ್ನ ನೆಮ್ಮದಿ ಹೋಯಿತು. ಬೆಳಿಗ್ಗೆ ಲ್ಯಾಬಿಗೆ ಬಂದವಳೇ ಮೊದಲು ಅವರ ರಕ್ತ ಹುಡುಕುತ್ತಿದ್ದೆ. ಎಂಟು ಆರಾಯಿತು, ಆರು ಐದಾಯಿತು. ಈಗ ಅವರಿಗೆ ನಾವೇ ಸ್ಟೆರಾಯ್ಡ್ ಕೊಡುತ್ತಿದ್ದುದರಿಂದ ಆ ಇಳಿತದಲ್ಲಿ ರೋಗದ ಪಾಲೆಷ್ಟು, ಔಷಧದ ಪಾಲೆಷ್ಟು ಎಂದು ತಿಳಿಯುವಂತಿರಲಿಲ್ಲ. ಆದರೂ ನೋಡುವುದನ್ನು ಬಿಡಲಾಗಲಿಲ್ಲ. ಅತ್ತ ಜಲಜಕ್ಕನ ಜ್ವರ ಇಳಿದಿತ್ತು. ಫೋನೆತ್ತಿದರೆ ತಮ್ಮ ಸುದ್ದಿ ಹೇಳದೆ, "ಇವತ್ತು ಎಷ್ಟುಂಟು?" ಎಂದೇ ಕೇಳುತ್ತಿದ್ದರು. ಐದು ಎನ್ನದೆ ಅವರ ಊಟದ ವಿಚಾರ ಕೇಳುತ್ತಿದ್ದೆ. ಹೇಳದಿದ್ದರೂ ಅವರಿಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಶೆಟ್ಟರ ಲಿಂಫೋಸೈಟ್ ಒಂಬತ್ತಕ್ಕೇರಿತ್ತು. ನಂಬದೆ ಸ್ಲೈಡು ನೋಡಿದೆ. ಮರುದಿನ ಹದಿಮೂರು. ಆಕ್ಸಿಜನ್ ಇಳಿಸಲು ಸಾಧ್ಯವಾದದ್ದು ಅದಾದ ಮೇಲೆ. ಶೆಟ್ಟರು ಬಡಕಲಾಗಿ, ಕೋಲು ಹಿಡಿದು ಮನೆಗೆ ಹೋದರು. ಕರೆದೊಯ್ಯಲು ಬಂದ ಜಲಜಕ್ಕ, ವರಾಂಡದಲ್ಲಿ ಗಂಡನ ಪಕ್ಕ ಮೆಲ್ಲಗೆ ನಡೆಯುತ್ತ, "ಹೋಟ್ಲಿನ ಹೆಸರೆತ್ತಿದ್ರೆ ನೋಡಿ!" ಎಂದು ಗದರುತ್ತಿದ್ದರು.

ಇಲ್ಲಿಗೆ ಮುಗಿಸಿದರೆ ನನ್ನ ವಿದ್ಯೆ ಗೆದ್ದ ಕಥೆಯಾಗುತ್ತದೆ. ಆದರೆ ಅದೇ ವಾರ ಭೋಸರಿಯ ಕಾರ್ಖಾನೆಯೊಂದರಿಂದ ಬಂದ ತರುಣನೊಬ್ಬನನ್ನು ಕಳೆದುಕೊಂಡೆವು. ಸೇರಿದ ದಿನ ಅವನ ಲಿಂಫೋಸೈಟ್ ಚೆನ್ನಾಗಿಯೇ ಇತ್ತು. ಆ ಸ್ಲೈಡನ್ನು ನಾನು ಆಮೇಲೆ ಎಷ್ಟು ಸಲ ನೋಡಿದೆನೋ! ಅದರಲ್ಲಿ ಯಾವ ಸೂಚನೆಯೂ ಇರಲಿಲ್ಲ; ಅವನನ್ನು ನೋಡಲು ನಾನು ವಾರ್ಡಿಗೆ ಹೋಗಿಯೂ ಇರಲಿಲ್ಲ.

ನಿವೃತ್ತಳಾದ ಮೇಲೂ ಶೆಟ್ಟರು ಮತ್ತು ಆ ತರುಣ ನೆನಪಿನಲ್ಲಿ ಜೊತೆಯಾಗಿಯೇ ಬರುತ್ತಾರೆ. ಯಾರು ಉಳಿಯುತ್ತಾರೆಂದು ರಕ್ತದ ಕಣಗಳು ಹೇಳುವುದಿಲ್ಲ. ಕೆಲವೊಮ್ಮೆ, ಈ ಮನುಷ್ಯನನ್ನು ಇನ್ನೊಮ್ಮೆ ನೋಡಿ ಎನ್ನುತ್ತವೆ. ಕೆಲವೊಮ್ಮೆ ಅದನ್ನೂ ಹೇಳುವುದಿಲ್ಲ. ಹೇಳಿದಾಗ ಕುರ್ಚಿ ಬಿಟ್ಟು ಏಳಬೇಕು. ಹೇಳದಿದ್ದಾಗಲೂ ಏಳಬೇಕು ಎಂಬುದನ್ನು ಆ ತರುಣ ಕಲಿಸಿದ.