ಹಾವಿಗಾಗಿ ಇಲಿ ಸಾಕುವ ಮಾತು

ನೊರೀನ್ ಯಾವ ಕೆಲಸಕ್ಕಾದರೂ ಒಲ್ಲೆ ಎಂದದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಯಾರ್ಕ್‌ಶೈರಿನ ಆ ಹಳೆಯ ಗಣಿಯೂರಿನಲ್ಲಿ ಇಟ್ಟಿಗೆಯ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಯಾರದೋ ಕೂಸನ್ನು ನೋಡಿಕೊಳ್ಳಬೇಕಾದರೂ, ಸಾವಿನ ಮನೆಗೆ ಬಂದವರಿಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡಬೇಕಾದರೂ ಜನ ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ಗಣಿಯವರ ದೊಡ್ಡ ಮುಷ್ಕರದ ವರ್ಷ ಇಡೀ ಬೀದಿಗೆ ಸೂಪು ಕುದಿಸಿ ಹಾಕಿದವಳು ಅವಳು. ಆಮೇಲೆ ಶಾಲೆಯ ಅಡುಗೆಮನೆ ಸೇರಿದಳು, ಅಲ್ಲಿಂದ ವೃದ್ಧಾಶ್ರಮಕ್ಕೆ. ತನಗಿಂತ ಹತ್ತೇ ವರ್ಷ ಹಿರಿಯರಾದವರನ್ನು ಮೀಯಿಸಿ, ಉಣಿಸಿ, ಮಗ್ಗುಲು ಬದಲಿಸಿ ಸಂಜೆ ಮನೆಗೆ ಬಂದರೆ, ಅಲ್ಲಿ ಗಂಡ ಡೆಸ್ಮಂಡ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದ.

ಡೆಸ್ಮಂಡನ ಎದೆಯೊಳಗೆ ಗಣಿಯ ಧೂಳು ಕೂತಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅದು ಮಾತ್ರ ಹೊರಗೆ ಬಂದಿರಲಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅವನು ಎರಡು ಕಡೆ ಗೋಡೆ ಹಿಡಿದು ನಿಲ್ಲಬೇಕಾಗಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಅವನಿಗೆ ಪಾರಿವಾಳಗಳೇ ಮಕ್ಕಳಾಗಿದ್ದವು. ಹಿತ್ತಲಿನ ಶೆಡ್ಡಿನಲ್ಲಿ ಅವನ್ನು ಸಾಕಿ, ಪಂದ್ಯಕ್ಕೆ ಹಾರಿಸಿ, ಮೋಡದತ್ತ ಕತ್ತೆತ್ತಿ ನಿಂತೇ ಅರ್ಧ ಆಯಸ್ಸು ಕಳೆದಿದ್ದ. ವೈದ್ಯರು ಅದಕ್ಕೂ ಕತ್ತರಿ ಹಾಕಿದರು. ಗರಿ ಬೇಡ, ರೋಮ ಬೇಡ, ಹುಲ್ಲು ಬೇಡ, ಮರದ ಹೊಟ್ಟು ಬೇಡ. ಕಡೆಯ ಜೋಡಿ ಪಾರಿವಾಳವನ್ನು ಬುಟ್ಟಿಯಲ್ಲಿ ಕೊಟ್ಟು ಕಳಿಸಿದ ದಿನದಿಂದ ಅವನು ಮಾತನಾಡುವುದನ್ನೇ ಕಡಿಮೆ ಮಾಡಿಬಿಟ್ಟ.

ಹಾವು ಬಂದದ್ದು ಆಗ. ಮೂರು ಮನೆಯಾಚೆಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿತ್ತು. ತಾವು ಹೂಡುವ ಹೊಸ ಮನೆಗೆ ಹಾವು ಬರಬೇಕೋ ತಾನು ಬರಬೇಕೋ ಹೇಳು ಎಂದು ವರ ಪಟ್ಟು ಹಿಡಿದದ್ದರಿಂದ, ಅವಳು ತನ್ನ ಹಾವನ್ನು ಗಾಜಿನ ಪೆಟ್ಟಿಗೆಯ ಸಮೇತ ತಂದು ನೊರೀನಳ ಬಾಗಿಲು ತಟ್ಟಿದಳು. ಹೆಬ್ಬಾವಿನಲ್ಲೇ ಗಿಡ್ಡ ಜಾತಿ ಅದು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುವ ಸಾಧುಪ್ರಾಣಿ. ಅದಕ್ಕೆ ಗರಿಯಿಲ್ಲ, ರೋಮವಿಲ್ಲ, ಧೂಳೂ ಇಲ್ಲ. ಡೆಸ್ಮಂಡ್ ಅದನ್ನು ಮಡಿಲಿಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, ಮೇವಿಸ್ ಎಂದು ಹೆಸರಿಟ್ಟ. ಮೇವಿಸ್ ಎಂಬುದು ನೊರೀನಳ ತಾಯಿಯ ಹೆಸರು.

"ನಿಮ್ಮಮ್ಮನ ಥರಾನೇ ನೋಡ್ತಾಳೆ ಕಣೇ. ಕಣ್ಣು ಮಿಟುಕಿಸೋದೇ ಇಲ್ಲ," ಎಂದ.

ಎಷ್ಟೋ ದಿನಗಳ ಮೇಲೆ ಅವನು ಆಡಿದ ಮೊದಲ ತಮಾಷೆಯದು. ನೊರೀನ್ ನಕ್ಕಳು. ಹಾವು ಮನೆಯಲ್ಲಿ ಉಳಿಯಿತು.

ಅದರ ಊಟದ ಕೆಲಸ ಹೆಚ್ಚೇನೂ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ಸತ್ತ ಬಿಳಿಯ ಇಲಿಗಳು ಫ್ರೀಜರಿನಲ್ಲಿ ಬಟಾಣಿಯ ಪೊಟ್ಟಣದ ಪಕ್ಕದಲ್ಲೇ ಇರುತ್ತಿದ್ದವು. ವಾರಕ್ಕೊಂದನ್ನು ಬಿಸಿನೀರಿನಲ್ಲಿಟ್ಟು ಮೆದುವಾದ ಮೇಲೆ ಇಕ್ಕಳದಲ್ಲಿ ಹಿಡಿದರೆ ಮೇವಿಸ್ ಹಿಡಿದು ನುಂಗುತ್ತಿತ್ತು. ಆದರೆ ಆ ಚಳಿಗಾಲದಲ್ಲಿ ಅದು ಮುಖ ತಿರುಗಿಸಿತು. ಮುಂದಿನ ವಾರವೂ ತಿನ್ನಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಕರಗಿಸಿದ ಇಲಿಯನ್ನು ಕಸಕ್ಕೆ ಹಾಕಿ ಹಾಕಿ ನೊರೀನಳಿಗೆ ಸಾಕಾಯಿತು. ಡೆಸ್ಮಂಡನೋ, ತಾನೇ ಉಪವಾಸವಿದ್ದವನ ಹಾಗೆ ಇಳಿದುಹೋದ. ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರುವ ಹಾವು ಸಾಕುವವರಿಗೆ ಫೋನು ಮಾಡಿ ಕೇಳಿದ. ಅತ್ತೆಯ ಹೆಸರಿಟ್ಟ ಮೇಲೆ ಮುನಿಸು ಬಾರದಿರುತ್ತದೆಯೇ ಎಂದು ಒಬ್ಬ ಚುಚ್ಚಿದ. ಇನ್ನೊಬ್ಬ, ಅಂಗಡಿಯ ತಣ್ಣನೆಯ ಮಾಲು ಬಿಡು, ಮನೆಯಲ್ಲೇ ಇಲಿ ಸಾಕಿ ಆಗಷ್ಟೇ ಕೊಂದ ಬಿಸಿಬಿಸಿ ಇಲಿ ಕೊಟ್ಟು ನೋಡು ಎಂದ.

ಅಂದಿನಿಂದ ಡೆಸ್ಮಂಡನಿಗೆ ಅದೇ ಧ್ಯಾನವಾಯಿತು. ಪಾರಿವಾಳದ ಶೆಡ್ಡು ಖಾಲಿ ಬಿದ್ದಿದೆ. ಗೂಡು ಹೀಗಿಡಬಹುದು, ನೀರಿನ ಬಾಟಲಿ ಹಾಗೆ ಕಟ್ಟಬಹುದು ಎಂದು ನೊರೀನ್ ಷೂ ಬಿಚ್ಚುವ ಮೊದಲೇ ಶುರುಮಾಡುತ್ತಿದ್ದ.

"ಒಂದು ಗಂಡು, ಎರಡು ಹೆಣ್ಣು ಸಾಕು ಕಣೇ. ಮಿಕ್ಕಿದ್ದು ಅವೇ ನೋಡ್ಕೋತವೆ."

ಅವೇ ನೋಡಿಕೊಳ್ಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೊಟ್ಟು ಬದಲಿಸುವವರು ಯಾರು? ಮೂತ್ರದ ನಾತ ತೊಳೆಯುವವರು ಯಾರು? ಡೆಸ್ಮಂಡ್ ಆ ಶೆಡ್ಡಿನ ಬಾಗಿಲಲ್ಲಿ ನಿಂತರೂ ಉಸಿರು ಕಟ್ಟೀತು. ಹಾವಿಗೆ ಹಾಲೆರೆದು ಕೈಮುಗಿಯುವುದಾದರೆ ಸುಲಭ; ಇಲಿ ಸಾಕಿ ಉಣಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಆದರೂ ಅವನ ಕಣ್ಣಿನ ಹೊಳಪು ನೋಡಿ ಅವಳು ರೂಢಿಯ ಮಾತನ್ನೇ ಆಡಿದಳು:

"ಆಗ್ಲಿ ಬಿಡು, ನಾನೇ ನೋಡ್ತೀನಿ."

ರಜೆಯ ದಿನ ಎರಡು ಬಸ್ಸು ಹಿಡಿದು ವಿಲ್ಫ್ರೆಡ್ ಎಂಬ ಮುದುಕನನ್ನು ಕಾಣಲು ಹೋದಳು. ಊರಾಚೆ, ಜನ ತರಕಾರಿ ಬೆಳೆಯುವ ತುಂಡುಹೊಲಗಳ ನಡುವೆ ಅವನದೊಂದು ಉದ್ದನೆಯ ಮರದ ಮನೆ. ಹಾವು ಸಾಕುವವರಿಗೆ ಇಲಿ ಒದಗಿಸುವುದೇ ಅವನ ಕಸುಬು. ಬಾಗಿಲು ತೆರೆದದ್ದೇ ಗಂಡಿಲಿಗಳ ನಾತ ಮೂಗಿಗೆ ಬಡಿಯಿತು. ಇದು ಬಟ್ಟೆಯಿಂದ ಹೋಗುವುದಿಲ್ಲ, ಇಗರ್ಜಿಯಲ್ಲಿ ತನ್ನ ಬೆಂಚು ಯಾವಾಗಲೂ ತನಗೊಬ್ಬನಿಗೇ ಎಂದು ವಿಲ್ಫ್ರೆಡ್ ನಕ್ಕ.

ಅವನು ಒಂದು ಗೂಡಿನ ಮುಚ್ಚಳ ತೆಗೆದು ತೋರಿಸಿದ. ಎರಡು ತಾಯಿಲಿಗಳು ಒಂದೇ ಗೂಡಿನಲ್ಲಿ ಮಲಗಿ, ನಿನ್ನ ಮರಿ ನನ್ನ ಮರಿ ಎನ್ನದೆ ಎಲ್ಲಕ್ಕೂ ಹಾಲೂಡುತ್ತಿದ್ದವು. ಹಿಡಿ ತುಂಬ ಗುಲಾಬಿ ಬಣ್ಣದ ಜೀವ. ನೊರೀನ್ ಬಗ್ಗಿ ನೋಡಿದಳು. ವೃದ್ಧಾಶ್ರಮದಲ್ಲಿ ತಾನೂ ಜೊತೆಯವಳೂ ಸರದಿಯ ಮೇಲೆ ಮಂಚಗಳ ನಡುವೆ ಓಡಾಡುವುದು ನೆನಪಾಯಿತು.

"ನಿಮ್ಮನೇಲಿ ಸಾಕೋರು ಯಾರು ತಾಯಿ?" ವಿಲ್ಫ್ರೆಡ್ ಕೇಳಿದ.

"ನಾನೇ."

"ಕೊಲ್ಲೋರು?"

ಅಷ್ಟು ದಿನ ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. "ಅದೂ ನಾನೇ ಇರ್ಬೇಕು," ಎಂದಳು.

ವಿಲ್ಫ್ರೆಡ್ ಮುಚ್ಚಳ ಹಾಕಿದ. "ಸಾಕೋ ಕೈ ಒಂದು, ಕೊಲ್ಲೋ ಕೈ ಇನ್ನೊಂದು ಇರ್ಬೇಕು. ನಮ್ಮಲ್ಲಿ ನನ್ನ ಹೆಂಡ್ತಿ ಈಡಿತ್ ಸಾಕ್ತಿದ್ಲು, ನಾನು ಕೊಲ್ತಿದ್ದೆ. ಅವಳು ಹೋದ್ಮೇಲೆ ಎರಡೂ ನಂದೇ. ಈಗ ನಾನು ಕೈ ಹಾಕಿದ್ರೆ, ಊಟ ಬಂತು ಅಂತ ಓಡಿ ಬರ್ತವೆ. ಕೊಲ್ಲೋದು ಕ್ಷಣದ ಕೆಲ್ಸ, ನೋವೂ ಆಗಲ್ಲ. ಓಡಿ ಬರ್ತವಲ್ಲ, ಅದೇ ಕಷ್ಟ."

ಇಲಿ ಕೊಳ್ಳಲು ಬಂದವರನ್ನು ಹಾಗೆಯೇ ಕಳಿಸುವವನಲ್ಲ ಅವನು. ಆದರೂ ಹಾವು ಬಡವಾಗಿದೆಯೇ ಎಂದು ವಿಚಾರಿಸಿದ. ಅಷ್ಟೇನೂ ಇಲ್ಲ ಎಂದಳು. ಹಗಲೆಲ್ಲ ಎಲ್ಲಿರುತ್ತದೆ ಎಂದು ಕೇಳಿದ.

"ಪೆಟ್ಟಿಗೇಲಿ," ಎಂದಳು ನೊರೀನ್.

ಅದು ಸುಳ್ಳು. ಸಂಜೆ ಮನೆಗೆ ಬಂದಾಗ ಡೆಸ್ಮಂಡನ ತೊಡೆಯ ಮೇಲಿನ ಕಂಬಳಿ ಸುರುಳಿಯಾಕಾರಕ್ಕೆ ಕುಸಿದಿರುತ್ತಿತ್ತು. ಒಮ್ಮೆ ಅವನ ಸ್ವೆಟರಿನ ತೋಳಿನಲ್ಲಿ ಪೊರೆಯ ಚೂರು ಅಂಟಿತ್ತು. ಅವಳು ಹೊರಟ ಮರುಕ್ಷಣ ಅವನು ಹಾವನ್ನು ಎತ್ತಿಕೊಳ್ಳುತ್ತಿದ್ದ. ಬೀದಿಯ ತಿರುವಿನಲ್ಲಿ ಅವಳ ಕೋಟು ಕಂಡೊಡನೆ ಒಳಗಿಡುತ್ತಿದ್ದ. ಇಡೀ ದಿನ ಅವನಿಗಿದ್ದ ಸಂಗಾತ ಅದೊಂದೇ. ಅವಳು ಕಂಡೂ ಕಾಣದವಳ ಹಾಗೆ ಇದ್ದಳು.

ಹಾಗಿದ್ದರೆ ಇಲಿ ಒಯ್ಯಲು ಶನಿವಾರ ಬನ್ನಿ ಎಂದ ವಿಲ್ಫ್ರೆಡ್. ಬಾಗಿಲ ತನಕ ಬಂದವನು ಇನ್ನೊಂದು ಮಾತು ಸೇರಿಸಿದ. ಎತ್ತಿ ಎತ್ತಿ ಆಡಿಸುವ ಹಾವು ತಿನ್ನುವುದಿಲ್ಲ. ಕತ್ತಲಲ್ಲಿ ಸುಮ್ಮನೆ ಬಿಟ್ಟರೆ ಎಷ್ಟೋ ಹಾವುಗಳು ಬೇಸಿಗೆಯ ಹೊತ್ತಿಗೆ ತಾವಾಗಿಯೇ ತಿನ್ನುತ್ತವೆ. ಅವನು ಅವಳ ಮುಖ ನೋಡದೆ ಕೈ ಒರೆಸಿಕೊಳ್ಳುತ್ತ ಹೇಳಿದ.

ಬಸ್ಸಿನಲ್ಲಿ ನೊರೀನ್ ಕಿಟಕಿಗೆ ತಲೆಯಾನಿಸಿ ಕೂತಳು. ಈಗ ಲೆಕ್ಕ ಸ್ಪಷ್ಟವಾಗಿತ್ತು. ಹಾವು ತಿನ್ನಬೇಕಾದರೆ ಡೆಸ್ಮಂಡ್ ಅದನ್ನು ಬಿಡಬೇಕು. ಅವನು ಬಿಡಬಾರದೆಂದರೆ, ಬಿಸಿ ಇಲಿಗಾದರೂ ಅದು ಬಾಯಿ ತೆರೆದೀತೇನೋ ಎಂಬ ಆಸೆಗೆ ಬಿದ್ದು ಅವಳು ಇಲಿ ಸಾಕಬೇಕು, ಕೊಲ್ಲಬೇಕು. ಅವನ ಒಂಟಿತನ ಒಂದು ಕಡೆ, ಅವಳ ಸೊಂಟ ಒಂದು ಕಡೆ. ತಕ್ಕಡಿಯಲ್ಲಿ ಇಟ್ಟು ನೋಡುವಷ್ಟು ಶಕ್ತಿಯೂ ಅವಳಿಗೆ ಉಳಿದಿರಲಿಲ್ಲ. ಇಳಿಯುವ ಸ್ಟಾಪು ದಾಟಿಹೋಯಿತು.

ಶುಕ್ರವಾರ ಕೆಲಸ ಮುಗಿಸಿ ಬಂದವಳೇ ಶೆಡ್ಡು ತೊಳೆಯಲು ಇಳಿದಳು. ಪಾರಿವಾಳದ ಹಿಕ್ಕೆ ವರ್ಷಗಟ್ಟಲೆ ಒಣಗಿ ಹಲಗೆಗೆ ಗಾರೆಯ ಹಾಗೆ ಹಿಡಿದಿತ್ತು. ಒಂದು ಹಲಗೆ ಕೆರೆದಳು, ಎರಡನೆಯದನ್ನು ಅರ್ಧ ಕೆರೆದಳು. ಬಕೆಟ್ಟು ಬೋರಲು ಹಾಕಿ ಒಂದು ಗಳಿಗೆ ಕೂತಳು. ಏಳಬೇಕೆಂದಾಗ ಏಳಲು ಆಗಲಿಲ್ಲ. ನೋವಿಲ್ಲ, ತಲೆ ತಿರುಗಿಲ್ಲ. ಮೈ ಮಾತ್ರ ಇನ್ನು ಸಾಕು ಎಂದುಬಿಟ್ಟಿತ್ತು. ಕೆರೆಯುವ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಇದ್ದಳು.

ಅವಳು ಬಾರದ್ದನ್ನು ನೋಡಿ ಡೆಸ್ಮಂಡ್ ಎದ್ದು ಬಂದ. ಅಡುಗೆಮನೆಯ ಬಾಗಿಲಲ್ಲಿ ಒಮ್ಮೆ, ಬಟ್ಟೆ ಒಣಹಾಕುವ ಕಂಬದ ಬಳಿ ಒಮ್ಮೆ ನಿಂತು, ಶೆಡ್ಡಿನ ಹೊರಗೆ ಗೋಡೆಗೆ ಕೈಕೊಟ್ಟು ಉಸಿರು ಹುಡುಕಿದ. ಮೂಗಿಗೆ ಸ್ವೆಟರಿನ ತೋಳು ಹಿಡಿದಿದ್ದ.

"ಏನಾಯ್ತೇ?"

"ಏನೂ ಇಲ್ಲ. ಒಳಗೆ ಬರ್ಬೇಡ, ಧೂಳು."

"ಏನಾಯ್ತು ಅಂದೆ."

ನೊರೀನ್ ಕತ್ತಿಯನ್ನು ಕೆಳಗಿಟ್ಟಳು. "ನನ್ನ ಕೈಲಾಗಲ್ಲ ಡೆಸ್ಮಂಡ್. ಇದೊಂದು ನನ್ನ ಕೈಲಾಗಲ್ಲ."

ನಲವತ್ತು ವರ್ಷದ ಸಂಸಾರದಲ್ಲಿ ಅವನು ಆ ಮಾತು ಕೇಳಿರಲಿಲ್ಲ. ಮೊದಲು ಅವನಿಗೆ ಅರ್ಥವೇ ಆಗಲಿಲ್ಲ. ಇಲಿ ಬೇಡವೆಂದರೆ ಮೇವಿಸ್ ಸಾಯುತ್ತದೆ ಎಂದ. ಸಾಯುವುದಿಲ್ಲ, ಸುಮ್ಮನೆ ಬಿಟ್ಟರೆ ತಿನ್ನುತ್ತದಂತೆ ಎಂದು ಅವಳು ವಿಲ್ಫ್ರೆಡನ ಮಾತನ್ನು ಹೇಳಿದಳು. ತಾನು ಸುಮ್ಮನೆಯೇ ಬಿಟ್ಟಿದ್ದೇನಲ್ಲ ಎಂದು ಶುರುಮಾಡಿದವನು, ಅವಳು ತಲೆಯೆತ್ತಿ ನೋಡಿದ್ದರಿಂದ ನಡುವೆಯೇ ನಿಲ್ಲಿಸಿದ.

"ನಿಂಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಗಲೆಲ್ಲ ಏನ್ ಮಾಡ್ಕೊಂಡು ಕೂತಿರ್ತಿದ್ದೆ?"

ಡೆಸ್ಮಂಡ್ ಹೊಸ್ತಿಲಾಚೆಯಿಂದಲೇ ಕೈ ಚಾಚಿದ. ಅವಳನ್ನು ಎಬ್ಬಿಸುವ ಬಲ ಆ ಕೈಯಲ್ಲಿರಲಿಲ್ಲ. ಅವಳು ಅದನ್ನು ಹಿಡಿದುಕೊಂಡೇ ತನ್ನ ಬಲದಿಂದ ಎದ್ದಳು.

ವಿಲ್ಫ್ರೆಡನಿಗೆ ಬರುವುದಿಲ್ಲವೆಂದು ಫೋನು ಹೋಯಿತು. ಅವನಿಗೆ ಬೇಸರವಾದಂತೆ ತೋರಲಿಲ್ಲ. ಗಾಜಿನ ಪೆಟ್ಟಿಗೆಯ ಮೇಲೆ ಡೆಸ್ಮಂಡನೇ ಹಳೆಯ ಪರದೆಯೊಂದನ್ನು ಹೊದಿಸಿದ. ಮೊದಲ ವಾರ ಅವನ ಸಂಕಟ ನೋಡಲಾಗುತ್ತಿರಲಿಲ್ಲ. ಕೈಗಳು ತೊಡೆಯ ಮೇಲೆ ಏನನ್ನೋ ಹುಡುಕುತ್ತಿದ್ದವು. ಇಲಿಯನ್ನೇ ಸಾಕಬಹುದಿತ್ತೇನೋ ಎಂದು ನೊರೀನ್ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದಳು. ಮೂರನೆಯ ಸಲ ಅವನ ಮಡಿಲಲ್ಲಿ ಒಂದು ಬೋಗುಣಿ ಆಲೂಗಡ್ಡೆಯನ್ನೂ ಚಾಕುವನ್ನೂ ಇಟ್ಟು ಕೆಲಸಕ್ಕೆ ಹೋದಳು.

ವಸಂತ ಬಂದ ಮೇಲೆ ಒಂದು ಬೆಳಿಗ್ಗೆ ಪರದೆ ಸರಿಸಿ ನೋಡಿದರೆ, ಹಿಂದಿನ ಸಂಜೆ ಇಟ್ಟಿದ್ದ ಇಲಿ ಇರಲಿಲ್ಲ. ಮೇವಿಸ್‌ನ ನಡುವಿನಲ್ಲಿ ಒಂದು ಉಬ್ಬು ಇತ್ತು. ನೊರೀನ್ ಕೋಟು ಹಾಕಿಕೊಳ್ಳುತ್ತ ನಿಂತಿದ್ದಳು.

"ತಿಂದಿದ್ದಾಳೆ," ಎಂದ ಡೆಸ್ಮಂಡ್.

"ಈಗಾದ್ರೂ ಎತ್ಕೋತೀಯಾ?"

"ಎಲ್ಲಿ? ತಿಂದ್ಮೇಲೆ ಎರಡು ದಿನ ಮುಟ್ಟೋ ಹಾಗಿಲ್ಲ, ಕಕ್ಕಿಬಿಡ್ತಾಳೆ."

ಪರದೆಯನ್ನು ಮೊದಲಿನಂತೆ ಎಳೆದು, ಬೋಗುಣಿ ಎಲ್ಲಿ ಎಂದು ಕೇಳಿದ. ನೊರೀನ್ ತಂದುಕೊಟ್ಟಳು. ಅವನು ಸುಲಿದ ಸಿಪ್ಪೆ ಬೆರಳು ದಪ್ಪವಿರುತ್ತಿತ್ತು. ಅರ್ಧ ಆಲೂಗಡ್ಡೆ ಕಸಕ್ಕೇ ಹೋಗುತ್ತಿತ್ತು. ಅವಳು ಬಾಗಿಲೆಳೆದುಕೊಂಡು ಬಸ್ಸಿಗೆ ಹೊರಟಳು.