ಬಾಣಂತಿ ಗಾಡಿಯ ತಳ

ಹಣೆಬರಹ ಅನ್ನುವ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ನನ್ನ ಚೊಚ್ಚಲ ಕೂಸು ಹೋದಾಗ ಹರಿಯಬ್ಬೆಯ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ಅಂದರು. ಹಣೆಬರಹವಂತೆ! ಹೊಸದುರ್ಗದ ಕಡೆಯ ತವರಿನಿಂದ ನನ್ನನ್ನು ಕರೆತಂದ ಕಮಾನು ಗಾಡಿಯ ತಳದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ಹೊಳೆ ದಾಟುವಾಗ ಅಲ್ಲಿಂದ ನೀರು ಉಕ್ಕಿ ಹಾಸಿಗೆ ತೊಯ್ದು ತೊಪ್ಪೆಯಾಯಿತು. ಕೂಸಿಗೆ ಶೀತ ಹಿಡಿದು, ಎದೆ ಗೊರಗೊರ ಅಂದು, ನನ್ನ ಮಡಿಲಲ್ಲೇ ಹೋಯಿತು. ಗಾಡಿ ಹತ್ತುವ ಮೊದಲೇ ಗಂಡನಿಗೆ ಸಂದು ತೋರಿಸಿದ್ದೆ. "ಹುಲ್ಲು ಹಾಸೀನಿ, ಸುಮ್ನೆ ಹತ್ತು" ಅಂದಿದ್ದರು.

ಆಮೇಲೆ ಹುಟ್ಟಿದ ಮಗಳು ಬೆಳೆದು, ಮದುವೆಯಾಗಿ, ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಕೂಸಿನೊಂದಿಗೆ ಅವಳನ್ನು ಹೊಸದುರ್ಗದ ಗಂಡನ ಮನೆಗೆ ಕಳಿಸಬೇಕು. ಅದೇ ಗಾಡಿ, ಅದೇ ಹೊಳೆ. ಸಂದು ಮಾತ್ರ ಇನ್ನೂ ಅಗಲವಾಗಿತ್ತು. ಗಾಡಿ ರಿಪೇರಿ ಮಾಡಿಸಿ ಅಂದೆ. "ಆಗ್ಲಿ, ನೋಡಾಣ" ಅಂದರು ಇವರು. ಇವರ 'ನೋಡಾಣ' ನನಗೆ ಗೊತ್ತಿಲ್ಲವೇ? ಹಿರಿಯೂರಿನಲ್ಲಿ ಗಾಡಿ ಕೆಲಸ ಮಾಡುವ ಸಾಬರ ಹತ್ತಿರ ಸಂದು ಮುಚ್ಚುವ ಬಗೆ ಕೇಳಿಕೊಂಡು ಬಂದು ನಾನೇ ಸೆರಗು ಬಿಗಿದೆ.

ಹಲಗೆ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿದೆ. ಹಳೇ ಸೀರೆ ಹರಿದು ಸಂದುಗಳಿಗೆಲ್ಲ ಗಿಡಿದೆ. ಅಗಸೆ ಎಣ್ಣೆ ಕಾಯಿಸಿ ರಾಳದ ಪುಡಿ ಕರಗಿಸುತ್ತಾ ಹಿತ್ತಲಲ್ಲಿ ಕೂತಿದ್ದೆ, ಅಷ್ಟರಲ್ಲಿ ನಮ್ಮತ್ತೆ ಹೋಗಿ ಗಾಡಿಯ ತಳಕ್ಕೆಲ್ಲ ಸಗಣಿ ಸಾರಿಸಿಬಿಟ್ಟಿದ್ದರು! ಮೇಲೆ ರಂಗೋಲಿ ಬೇರೆ.

"ಶುಭಕ್ಕೆ ಹೋಗೋ ಗಾಡಿ, ಸಾರಿಸ್ದೆ ಹಂಗೇ ಬಿಡ್ತಾರೇನೇ?" ಅಂದರು.

"ಒಣಗಿದ ಮೇಲೆ ಅದರ ಮೇಲೇ ಬಳೀ, ಏನಾಗ್ತೈತೆ?" ಅಂತ ಇವರ ಅಪ್ಪಣೆ. ಮನೆಯಲ್ಲಿ ಬಾಣಂತಿ ಮಲಗಿದ್ದಾಳೆ, ಜಗಳ ಬೇಡವೆಂದು ಹಲ್ಲು ಕಚ್ಚಿ ಬಳಿದೆ. ಆರಿದ ಮೇಲೆ ಮುಟ್ಟಿದರೆ ಎಲ್ಲವೂ ಹಪ್ಪಳದಂತೆ ಎದ್ದು ಬಂತು. ಆಗ ನಾನು ಬಾಯಿ ಬಿಟ್ಟೆ ನೋಡಿ, ಇಡೀ ಓಣಿಗೆ ಕೇಳಿಸಿತು. "ಇನ್ನು ಈ ಗಾಡಿ ಮುಟ್ಟಿದವರ ಕೈ ಮುರೀತೀನಿ!" ಅಂದೆ. ಅತ್ತೆಗೆ ಹಾಗನ್ನಬಾರದಿತ್ತು ಅಂತ ಊರವರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಗಂಟೇನು ಹೋಯಿತು?

ಮತ್ತೆ ಕೆರೆದೆ, ತೊಳೆದೆ, ಒಣಗಿಸಿದೆ. ಸುಡುವ ರಾಳ ಸಿಡಿದು ಮೊಣಕೈ ಬೊಬ್ಬೆಯಾಯಿತು. ಒಂದು ಸಲ ಬಳಿದು, ಆರಲು ಬಿಟ್ಟು, ಮತ್ತೊಂದು ಸಲ ಬಳಿದೆ. ಇವರು ಜಗಲಿಯ ಮೇಲೆ ಎಲೆಯಡಿಕೆ ಜಗಿಯುತ್ತಾ, "ಗಾಡಿ ಮಾಡ್ತಿಯೇನೇ, ದೋಣಿ ಮಾಡ್ತಿಯೇನೇ?" ಅಂತ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಹೊರಟ ದಿನ ಹೊಳೆಯಲ್ಲಿ ನೀರು ಗಾಲಿಯ ನಡುವಿನ ಗುಂಬ ಮುಳುಗಿಸಿ ತಳಕ್ಕೆ ಬಡಿಯುತ್ತಿತ್ತು. ಮಗಳು ಕೂಸನ್ನು ಎದೆಗೆ ಅವುಚಿಕೊಂಡಳು. ನಾನು ಹಾಸಿಗೆಯ ಅಡಿಗೆ ಕೈ ತೂರಿಸಿ ಕೂತೆ. ಆಚೆ ದಡ ಹತ್ತುವವರೆಗೂ ತೆಗೆಯಲಿಲ್ಲ. ಒಂದು ಹನಿ ಬರಲಿಲ್ಲ. ಕೂಸು ನಿದ್ದೆಯಲ್ಲೇ ಇತ್ತು.

ಸಂತೋಷಪಡಬೇಕಿತ್ತು, ಅಲ್ಲವೇ? ನನಗೆ ಸಿಟ್ಟು ಕಿತ್ತು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

"ಅವ್ವಾ, ಯಾಕೆ ಅಳ್ತಿ? ಕೂಸಿಗೇನೂ ಆಗಿಲ್ಲ" ಅಂದಳು ಮಗಳು.

ಗಾಡಿಯ ಮುಂದಿನ ಮೂಕಿಯ ಮೇಲೆ ಕೂತು ಎತ್ತು ಹೊಡೆಯುತ್ತಿದ್ದ ಇವರು ತಿರುಗಿ, "ಒಳಗೆ ನೀರು ಬಂತೇನೇ?" ಅಂತ ಕೇಳಿದರು.

"ಇಲ್ಲ. ಒಂದು ಕುಡಿಕೆ ಎಣ್ಣೆ, ಒಂದು ಹಿಡಿ ರಾಳ. ಅವತ್ತೂ ಇಷ್ಟೇ ಸಾಕಾಗಿತ್ತು ಕಣ್ರಿ" ಅಂದೆ.

ಇವರು ಮುಂದಕ್ಕೆ ತಿರುಗಿಕೊಂಡರು. ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡರು.