ಬೀಗರು ಆರಿಸಿದ ಕ್ಯಾಮ್‌ಶಾಫ್ಟ್

ನಮ್ಮ ಹಳೆಯ ಪಿಕಪ್ಪಿನ ಕೆಲಸ ಒಂದೇ: ಮೆರವಣಿಗೆಗಳಲ್ಲಿ ಸೌಂಡ್ ಬಾಕ್ಸು, ಜನರೇಟರು ಹೊತ್ತು ಬಜಂತ್ರಿಯವರ ಹಿಂದೆ ಮೆಲ್ಲಗೆ ತೆವಳುವುದು. ಅದು ಮೆಲ್ಲಗೆ ಹೋದರೇ ನಮ್ಮ ಮನೆಯ ಒಲೆ ಹೊತ್ತುವುದು. ಮಗಳ ಮದುವೆ ಹತ್ತಿರ ಬಂದಾಗಲೇ ಅದರ ಇಂಜಿನ್ ಕೈಕೊಟ್ಟಿತು. ಯಜಮಾನರು ಗುಜರಿಯಿಂದ ಬೇರೊಂದು ಇಂಜಿನ್ ತಂದರು. ಅದರ ಕ್ಯಾಮ್‌ಶಾಫ್ಟ್ ಸವೆದಿತ್ತು. ವಾಲ್ವುಗಳು ಯಾವಾಗ ಬಾಯಿ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂದು ಗೊತ್ತುಮಾಡುವ ದಂಡ ಅದು. ಅಂಥದ್ದೊಂದನ್ನು ನಮ್ಮ ಮನೆಯ ಗಂಡಸರಿಗೂ ಹಾಕಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು!

ಲಕಮನಹಳ್ಳಿಯ ಗ್ಯಾರೇಜಿಗೆ ನಾನೂ ಹೋಗಿದ್ದೆ. ಅಲ್ಲಿಯವನು ಮೈಮೇಲೆ ಉಬ್ಬುಗಳಿದ್ದ ಎರಡು ಕ್ಯಾಮ್‌ಶಾಫ್ಟ್ ಮುಂದಿಟ್ಟ. "ಈ ಸಣ್ಣ ಉಬ್ಬಿಂದು ಮೆಲ್ಲಗ ಹೋದ್ರೂ ಜಗ್ಗತೈತ್ರಿ. ದೊಡ್ಡ ಉಬ್ಬಿಂದು ಓಡಾಕ ಛಲೋ, ಮೆಲ್ಲಗ ಹೋದ್ರ ಬಂದ್ ಬೀಳತೈತಿ. ಯಾವುದು ಹಾಕ್ಲಿರಿ?"

ಕೂಸಿಗೂ ಉತ್ತರ ಹೊಳೆಯುವ ಪ್ರಶ್ನೆ. ಆದರೆ ಅವತ್ತು ಜೊತೆಗೆ ಬೀಗರಿದ್ದರು, ಕೇಶ್ವಾಪುರದಲ್ಲಿ ಅರಿವೆ ಅಂಗಡಿ ಇಟ್ಟವರು. ಬೀಗರು ಎದುರಿಗಿರುವಾಗ ಯಜಮಾನರು ತಾವೇ ಬಾಯಿ ಬಿಡುವುದುಂಟೇ?

"ನೀವ ಹೇಳ್ರಿ, ಬೀಗರ."

"ಏ, ನಿಮ್ಮ ಗಾಡಿ, ನೀವ ಹೇಳ್ರಿ."

"ಛೇ ಛೇ, ನೀವಿದ್ದಾಗ ನಾ ಹೇಳೂದಂದ್ರೇನ್ರಿ!"

ಚಹಾ ಬಂತು, ಆರಿತು, ಮತ್ತೆ ಬಂತು. ಕೊನೆಗೆ ಬೀಗರು ಕೆಮ್ಮಿ, "ಹಾಕೂದ ಐತಿ, ದೊಡ್ಡದ ಹಾಕ್ರಿ" ಎಂದರು. ನಾನು ಯಜಮಾನರ ಅಂಗಿ ಜಗ್ಗಿದೆ. ಅವರು ತಿರುಗಿಯೂ ನೋಡಲಿಲ್ಲ. ಮನೆಗೆ ಬಂದ ಮೇಲೆ, "ಬೀಗರ ಮಾತು ತೆಗದಹಾಕು ಅಂತೀಯೇನ?" ಎಂದು ನನಗೇ ಗದರಿದರು.

ಮದುವೆಯ ಮುಂಜಾನೆ ದಿಬ್ಬಣಕ್ಕೆ ಅಳಿಯನನ್ನು ಅದರಲ್ಲೇ ಕೂರಿಸಿದರು. ಮೆಲ್ಲಗೆ ಹೋದರೆ ಗಾಡಿ ಗಡಗಡ ನಡುಗಿ ಬಂದ್ ಬೀಳುತ್ತಿತ್ತಂತೆ. ಯಜಮಾನರು ಆಕ್ಸಿಲರೇಟರ್ ಒತ್ತಿದರೆ ಹಗ್ಗ ಹರಿದ ಕರುವಿನ ಹಾಗೆ ಓಡುತ್ತಿತ್ತಂತೆ. ನಾವಿನ್ನೂ ಆರತಿಗೆ ಎಣ್ಣೆ ಹಾಕುತ್ತಿದ್ದೆವು, ಅಷ್ಟರಲ್ಲಿ ಅಳಿಯ ಬಾಸಿಂಗವನ್ನು ಎರಡೂ ಕೈಯಲ್ಲಿ ಒತ್ತಿಹಿಡಿದುಕೊಂಡು ಕಲ್ಯಾಣ ಮಂಟಪದ ಮುಂದೆ ಬಂದಿಳಿದ. ಹಿಂದೆ ದಿಬ್ಬಣವಿಲ್ಲ, ಬಜಂತ್ರಿಯ ಸದ್ದೂ ಇಲ್ಲ.

ಬಹಳ ಹೊತ್ತಿನ ಮೇಲೆ ಬೀಗರು ಏದುಸಿರು ಬಿಡುತ್ತ ನಡೆದು ಬಂದರು. "ಗಾಡಿಗೇನಾತ್ರಿ?"

"ಏನಿಲ್ರಿ, ನೀವು ಆರಿಸಿದ್ದು ಭಾರೀ ಓಡಾಕತ್ತೈತ್ರಿ!" ಎಂದರು ಯಜಮಾನರು, ಕೈಮುಗಿದು.

ನನಗೆ ತಡೆಯಲಾಗಲಿಲ್ಲ. "ಅಣ್ಣಾರ, ನಮಗ ಸಣ್ಣದ ಬೇಕಿತ್ರಿ. ನಿಮ್ಮ ಮರ್ಯಾದಿಗಂತ ಇವರು ದೊಡ್ಡದು ಹಾಕಿಸ್ಯಾರ. ಇನ್ನ ನಮ್ಮನ್ನ ಯಾರು ಮೆರವಣಿಗಿಗೆ ಕರೀತಾರ್ರಿ?"

ಬೀಗರು ಪೆಚ್ಚಾದರು. "ಅಯ್ಯ ಅಕ್ಕಾರ, ನನಗ ಸೈಕಲ್ ಸುದ್ದಾ ಹೊಡಿಯಾಕ ಬರೂದಿಲ್ಲ. ಎಲ್ಲಾರ ಮುಂದ ಕೇಳಿದ್ರು, ಗೊತ್ತಿಲ್ಲ ಅನ್ನಾಕ ನಾಚಿಕಿ ಆತ್ರಿ."

ಯಜಮಾನರ ಮುಖ ಅರಳಿತು. "ಹಂಗಾರ ಅದನ್ನ ತೆಗಿಸಿ ಸಣ್ಣದ ಹಾಕಸೂಣೇನ್ರಿ, ಬೀಗರ? ನೀವು ಹೇಳಿದಂಗ."

ಬೀಗರು ಮಗನ ಕಡೆ ತಿರುಗಿದರು. "ನೀ ಏನಂತೀಪಾ?"

ಮುಗಿಯಿತು, ಇವನೂ ಯಾರನ್ನೋ ಕೇಳುತ್ತಾನೆ ಎಂದು ನಾನು ಹಣೆ ಚಚ್ಚಿಕೊಳ್ಳುವುದರಲ್ಲಿದ್ದೆ. ಅವನು ಯಾರ ಮುಖವನ್ನೂ ನೋಡದೆ, "ಸಣ್ಣದ್ರಿ, ಮಾವಾರ. ನಾಳೇನ ಹಾಕಸ್ರಿ" ಎಂದ. ಮಗಳನ್ನು ಆ ಮನೆಗೆ ಕೊಡುವುದಕ್ಕೆ ನನಗೆ ಧೈರ್ಯ ಬಂದದ್ದು ಆಗಲೇ.